ಏಜೆನ್ಸಿ ಮೂಲಕ ಕೆಲಸಕ್ಕೆ ಹೊರಟಿದ್ದೀರಾ? ಗೇಟ್ ದಾಟುವ ಮುಂಚೆ ಇದನ್ನು ಓದಿ

ವಾರಕ್ಕೆ ಎರಡು ಮೂರು ಜನವಾದರೂ ಇದೇ ಕೇಳುತ್ತಾರೆ. "ಏಜೆನ್ಸಿಯವರು ಫೋನ್ ಮಾಡಿದ್ದಾರೆ, ನರಸಾಪುರದಲ್ಲಿ ಕೆಲಸವಂತೆ, ಸೇರಬಹುದಾ?" "ಇಪ್ಪತ್ತೆರಡು ಸಾವಿರ ಅಂದಿದ್ರು, ಕೈಗೆ ಹದಿನೆಂಟು ಬಂತು, ಮೋಸ ಅಲ್ವಾ?" "ಕಂಪನಿಯವರನ್ನು ಕೇಳಿದರೆ ಏಜೆನ್ಸಿಯನ್ನು ಕೇಳಿ ಅಂತಾರೆ, ಏಜೆನ್ಸಿಯವರು ಕಂಪನಿ ಕಡೆ ಕೈ ತೋರಿಸ್ತಾರೆ, ಯಾರನ್ನು ಹಿಡಿಯೋದು?"

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲೇ ಹಾಕುತ್ತಿದ್ದೇನೆ. ನಾನು ಮೊದಲು ಏಜೆನ್ಸಿ ಹುಡುಗನಾಗಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದವನು, ಆಮೇಲೆ ಬೇರೊಂದು ಏಜೆನ್ಸಿಯಲ್ಲಿ ಸಂಬಳದ ಲೆಕ್ಕ ಹಾಕಲು ಕೂತವನು. ಕಟಿಂಗ್ ಆದ ಸಂಬಳ ತಗೊಂಡೂ ಗೊತ್ತು, ಆ ಕಟಿಂಗ್ ಮಾಡಿಯೂ ಗೊತ್ತು.

ಏಜೆನ್ಸಿ ಕೆಲಸ ಅಂದರೆ ಮೋಸ ಅಂತ ನಾನು ಹೇಳುವುದಿಲ್ಲ. ಇವತ್ತು ಬೆಂಗಳೂರು ಸುತ್ತಮುತ್ತ ಫ್ಯಾಕ್ಟರಿ, ಗೋದಾಮು, ಮಾಲ್, ಬ್ಯಾಂಕಿನ ಕೌಂಟರ್, ಎಲ್ಲಿ ನೋಡಿದರೂ ಏಜೆನ್ಸಿ ಕಡೆಯವರು ಇದ್ದೇ ಇರುತ್ತಾರೆ. ಮೊದಲ ಕೆಲಸ ಹುಡುಕುವವರಿಗೆ ಇದು ಬೇಗ ತೆರೆಯುವ ಬಾಗಿಲು. ಆದರೆ ಇಲ್ಲಿ ನಿಮ್ಮ ಮಾಲೀಕ ಯಾರು ಅನ್ನುವುದು ಗೊತ್ತಿರಬೇಕು. ಜನ ತಪ್ಪುವುದು ಅಲ್ಲೇ.

ಲೆಕ್ಕ ಸರಳ. ನೀವು ಕೆಲಸ ಮಾಡುವ ಜಾಗ ಒಂದು ಕಂಪನಿಯದು, ಅದನ್ನು ಏಜೆನ್ಸಿಯವರು 'ಕ್ಲೈಂಟ್' ಅಂತಾರೆ, ಕಾನೂನಿನಲ್ಲಿ 'ಪ್ರಧಾನ ಮಾಲೀಕ' ಅಂತಾರೆ. ನಿಮಗೆ ನೇಮಕ ಪತ್ರ ಕೊಡುವುದು, ಸಂಬಳ ಹಾಕುವುದು, ಪಿಎಫ್ (ಭವಿಷ್ಯನಿಧಿ) ಕಟ್ಟುವುದು ಏಜೆನ್ಸಿ. ಕಂಪನಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಅದಕ್ಕೇ ಇದನ್ನು 'ಆಫ್ ರೋಲ್' ಅನ್ನುತ್ತಾರೆ. ಅಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ ಹೇಳುವವರು ಒಬ್ಬರು, ಕಾಗದದ ಮೇಲೆ ಮಾಲೀಕರು ಇನ್ನೊಬ್ಬರು. ನಿಮ್ಮ ಸಂಬಳದ ಜೊತೆಗೆ ತನ್ನ ಸರ್ವಿಸ್ ಚಾರ್ಜನ್ನೂ ಸೇರಿಸಿ ಏಜೆನ್ಸಿ ಕಂಪನಿಗೆ ಬಿಲ್ ಹಾಕುತ್ತದೆ. ಅದರ ಆದಾಯ ಅಲ್ಲಿಂದಲೇ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮೂರನೇ ಹಂತದಲ್ಲಿ ಬೇಕಾಗುತ್ತದೆ.

1. ಮೊದಲು ಕಾಗದ ಪತ್ರ ಸರಿ ಮಾಡಿಕೊಳ್ಳಿ

ಬೇಕಾಗುವುದು ಇಷ್ಟು: ಆಧಾರ್, ಪ್ಯಾನ್, ನಿಮ್ಮದೇ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಅಥವಾ ಡಿಪ್ಲೊಮಾ ಮಾಡಿದ್ದರೆ ಅದರದ್ದು, ಒಂದಷ್ಟು ಫೋಟೋ. ಹಿಂದೆ ಎಲ್ಲಾದರೂ ಪಿಎಫ್ ಕಟ್ಟಿದ್ದರೆ ನಿಮ್ಮ ಯುಎಎನ್ ನಂಬರ್. ಯುಎಎನ್ ಅಂದರೆ ಪಿಎಫ್‌ನ 12 ಅಂಕಿಯ ಖಾಯಂ ನಂಬರ್. ಎಷ್ಟು ಕೆಲಸ ಬದಲಾಯಿಸಿದರೂ ಅದು ಬದಲಾಗಬಾರದು.

ನಮ್ಮವರು ಜಾಸ್ತಿ ಒದ್ದಾಡುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ.', ಆಧಾರ್‌ನಲ್ಲಿ 'ಮಂಜುನಾಥ ಕೃಷ್ಣಪ್ಪ', ಬ್ಯಾಂಕಿನಲ್ಲಿ 'ಕೆ. ಮಂಜುನಾಥ್'. ನಮಗೆ ಮೂರೂ ಒಂದೇ, ಊರಿನ ಹೆಸರೋ ಅಪ್ಪನ ಹೆಸರೋ ಹಿಂದೆ ಮುಂದೆ ಆಗಿರುತ್ತದೆ ಅಷ್ಟೇ. ಪಿಎಫ್ ಕಂಪ್ಯೂಟರಿಗೆ ಅವರು ಮೂರು ಬೇರೆ ಜನ. ಸೇರುವಾಗ ಹೇಗೋ ನಡೆದುಹೋಗುತ್ತದೆ, ಎರಡು ವರ್ಷ ಆದಮೇಲೆ ತಂಗಿ ಮದುವೆಗೆ ಪಿಎಫ್ ದುಡ್ಡು ಬೇಕು ಅಂದಾಗ ಅರ್ಜಿ ವಾಪಸ್ ಬರುತ್ತದೆ. ಆಗ ಓಡಾಡುವುದಕ್ಕಿಂತ ಈಗಲೇ ಆಧಾರ್ ಪ್ರಕಾರ ಪ್ಯಾನ್ ಮತ್ತು ಬ್ಯಾಂಕಿನ ಹೆಸರು ಸರಿ ಮಾಡಿಸಿ. ಹುಟ್ಟಿದ ದಿನಾಂಕವನ್ನೂ ನೋಡಿ.

ಇನ್ನೊಂದು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿ ಇದೆಯಾ? ಆಫರ್ ಇದೆ ಅಂತ ಸಿಮ್ ಬದಲಾಯಿಸಿ, ಹಳೆ ನಂಬರ್ ಯಾರ ಕೈಲಿದೆಯೋ ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ಓಟಿಪಿ ಬರದಿದ್ದರೆ ಪಿಎಫ್ ಕೆಲಸ ಮುಂದಕ್ಕೆ ಹೋಗುವುದೇ ಇಲ್ಲ.

ಒರಿಜಿನಲ್ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಡಿ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ, ಬಿಡುವಾಗ ಕೊಡುತ್ತೇವೆ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಸಹಿ ಹಾಕಿದ ಖಾಲಿ ಚೆಕ್ ಕೇಳಿದರೂ ಅಷ್ಟೇ.

2. ಎಲ್ಲಿ, ಯಾವಾಗ ಹುಡುಕಬೇಕು

ದೊಡ್ಡ ಏಜೆನ್ಸಿಗಳಿಗೆ ತಮ್ಮದೇ ವೆಬ್‌ಸೈಟ್, ಆ್ಯಪ್ ಇವೆ. ಟೀಮ್‌ಲೀಸ್, ಕ್ವೆಸ್ ಕಂಪನಿಗಳ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅಡೆಕೊ, ರಾಂಡ್‌ಸ್ಟಾಡ್‌ನಂಥ ಹೊರದೇಶದವರೂ ಇದ್ದಾರೆ. ಚಿಕ್ಕ ಏಜೆನ್ಸಿಗಳನ್ನು ಹುಡುಕಲು ಕೈಗಾರಿಕಾ ಪ್ರದೇಶಕ್ಕೇ ಹೋಗಬೇಕು. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿ, ಹಾರೋಹಳ್ಳಿ, ದಾಬಸ್‌ಪೇಟೆ, ನರಸಾಪುರ, ವೇಮಗಲ್. ಮೈಸೂರಿನವರಿಗೆ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು. ಮಂಗಳೂರಿನಲ್ಲಿ ಬೈಕಂಪಾಡಿ, ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆ, ತಾರಿಹಾಳ.

ಗೋದಾಮಿನ ಕೆಲಸ ಬೇಕಿದ್ದರೆ ದಸರಾ ದೀಪಾವಳಿಗೆ ಒಂದೆರಡು ತಿಂಗಳು ಮುಂಚೆ ಹೋಗಿ. ಆನ್‌ಲೈನ್ ಅಂಗಡಿಗಳ ಸೇಲ್ ಶುರುವಾಗುವ ಮುಂಚೆ ಹೊಸಕೋಟೆ, ಮಾಲೂರು, ನೆಲಮಂಗಲ ಕಡೆ ಜನ ಬೇಕು ಅಂತ ಬೋರ್ಡ್ ಬೀಳುತ್ತವೆ. ಆದರೆ ಅದು ಹಬ್ಬದ ಕೆಲಸ, ಹಬ್ಬ ಮುಗಿದ ಮೇಲೆ ಅರ್ಧಕ್ಕರ್ಧ ಜನರನ್ನು ಕಳಿಸುತ್ತಾರೆ. ಅದು ಗೊತ್ತಿದ್ದು ಸೇರಿದರೆ ತೊಂದರೆ ಇಲ್ಲ, ಪರ್ಮನೆಂಟ್ ಅಂದುಕೊಂಡು ಊರಿನ ಕೆಲಸ ಬಿಟ್ಟು ಬಂದು, ರೂಮಿಗೆ ಅಡ್ವಾನ್ಸ್ ಕೊಟ್ಟು ಕೂರಬೇಡಿ.

3. ಏಜೆನ್ಸಿಯನ್ನು ಪರೀಕ್ಷೆ ಮಾಡಿ

ಅವರು ನಿಮ್ಮನ್ನು ಇಂಟರ್‌ವ್ಯೂ ಮಾಡುವ ಮುಂಚೆ ನೀವು ಅವರನ್ನು ವಿಚಾರಿಸಿ. ಮೂರು ಕೆಲಸ ಸಾಕು.

ಮೊದಲನೆಯದು, ಕಂಪನಿಯ ಗೇಟಿಗೆ ಹೋಗಿ ಸೆಕ್ಯುರಿಟಿಯವರನ್ನು ಕೇಳಿ. "ಅಣ್ಣ, ಇಂಥ ಏಜೆನ್ಸಿಯವರು ಇಲ್ಲಿಗೆ ಜನ ಕಳಿಸ್ತಾರಾ?" ಅಂದರೆ ಸಾಕು, ದಿನಾ ಗೇಟ್ ಪಾಸ್ ಬರೆಯುವವರು ಅವರೇ. ಯಾವ ಏಜೆನ್ಸಿ ಸಂಬಳ ತಡ ಮಾಡುತ್ತದೆ ಅನ್ನುವುದನ್ನೂ ಹೇಳಿಬಿಡುತ್ತಾರೆ. ಶಿಫ್ಟ್ ಬಿಡುವ ಹೊತ್ತಿಗೆ ಹೋಗಿ ಟೀ ಅಂಗಡಿಯಲ್ಲಿ ನಿಂತರೆ ಇನ್ನೂ ಒಳ್ಳೆಯದು.

ಎರಡನೆಯದು, ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಸೌಲಭ್ಯ ಇದೆ. ಏಜೆನ್ಸಿಯ ಹೆಸರು ಹಾಕಿದರೆ ಅದು ಪಿಎಫ್‌ನಲ್ಲಿ ನೋಂದಣಿ ಆಗಿದೆಯೋ ಇಲ್ಲವೋ, ಯಾವ ಯಾವ ತಿಂಗಳು ದುಡ್ಡು ಕಟ್ಟಿದ್ದಾರೆ ಎಂದು ಕಾಣುತ್ತದೆ. ತಿಂಗಳುಗಟ್ಟಲೆ ಕಟ್ಟಿಲ್ಲ ಅಂದರೆ ನಿಮಗೂ ಕಟ್ಟುತ್ತಾರೆ ಅಂತ ಯಾವ ನಂಬಿಕೆ?

ಮೂರನೆಯದು ದುಡ್ಡು. ರಿಜಿಸ್ಟ್ರೇಶನ್ ಫೀಸು, ಯೂನಿಫಾರ್ಮ್ ಡೆಪಾಸಿಟ್, ಗೇಟ್ ಪಾಸ್ ಚಾರ್ಜ್, ಟ್ರೈನಿಂಗ್ ಚಾರ್ಜ್, ಲ್ಯಾಪ್‌ಟಾಪ್ ಕೊರಿಯರ್ ಚಾರ್ಜ್, ಹೆಸರು ಏನೇ ಇರಲಿ, ಕೆಲಸಕ್ಕೆ ಮುಂಚೆ ದುಡ್ಡು ಕೇಳಿದರೆ ಕೊಡಬೇಡಿ. ಮೇಲೆ ಹೇಳಿದೆನಲ್ಲ, ಏಜೆನ್ಸಿಗೆ ದುಡ್ಡು ಕೊಡುವುದು ಕಂಪನಿ. ವಾಟ್ಸ್ಆ್ಯಪ್‌ನಲ್ಲಿ ದೊಡ್ಡ ಕಂಪನಿಯ ಲೋಗೋ ಹಾಕಿದ ಆಫರ್ ಲೆಟರ್ ಕಳಿಸಿ "ಎರಡು ಸಾವಿರ ಹಾಕಿ, ನಾಳೆ ಜಾಯಿನಿಂಗ್" ಅನ್ನುವವರು ಏಜೆನ್ಸಿಯೇ ಅಲ್ಲ. ಈಗಾಗಲೇ ಹಾಕಿಬಿಟ್ಟಿದ್ದರೆ ನಾಚಿಕೆ ಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಮಾಡಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.

ಇಲ್ಲೊಂದು ಒಳಗಿನ ಮಾತು. ನಿಮಗೆ ಫೋನ್ ಮಾಡುವ ಹುಡುಗ ಎಷ್ಟೋ ಸಲ ಏಜೆನ್ಸಿಯ ನೌಕರನೇ ಅಲ್ಲ. ದೊಡ್ಡ ಏಜೆನ್ಸಿ ಚಿಕ್ಕ ವೆಂಡರ್‌ಗೆ ಹೇಳಿರುತ್ತದೆ, ವೆಂಡರ್ ಇವನಿಗೆ ತಲೆಗೆ ಇಷ್ಟು ಅಂತ ಮಾತಾಡಿರುತ್ತಾನೆ. ಆ ಕಮಿಷನ್ ಸಿಗುವುದು ನೀವು ಸೇರಿ ಒಂದಷ್ಟು ದಿನ ನಿಂತ ಮೇಲೆ. ಅದಕ್ಕೇ ಅವನು "ಊಟ ಫ್ರೀ, ರೂಮ್ ಫ್ರೀ, ಆರು ತಿಂಗಳಿಗೆ ಪರ್ಮನೆಂಟ್" ಅಂತ ಬಾಯಿಗೆ ಬಂದದ್ದು ಹೇಳುತ್ತಾನೆ. ಅವನ ಮಾತನ್ನು ಅಲ್ಲಿಗೇ ಬಿಟ್ಟು, "ನನ್ನ ಆಫರ್ ಲೆಟರ್ ಯಾರ ಹೆಸರಿನಲ್ಲಿ ಬರುತ್ತೆ?" ಅಂತ ಮಾತ್ರ ಕೇಳಿ. ಆ ಹೆಸರಿನವರೇ ನಿಮ್ಮ ಮಾಲೀಕರು, ಪರೀಕ್ಷೆ ಮಾಡಬೇಕಾದದ್ದೂ ಅವರನ್ನೇ.

4. ಸಂಬಳ ಕೇಳುವ ರೀತಿ

"ಸಂಬಳ ಎಷ್ಟು?" ಅಂತ ಕೇಳಬೇಡಿ. "ಕೈಗೆ ಎಷ್ಟು ಬರುತ್ತೆ, ಎಷ್ಟು ಗಂಟೆಗೆ, ಎಷ್ಟು ದಿನಕ್ಕೆ?" ಅಂತ ಕೇಳಿ. ಏಜೆನ್ಸಿಯವರು ಹೇಳುವುದು ಸಾಮಾನ್ಯವಾಗಿ ಸಿಟಿಸಿ, ಅಂದರೆ ನಿಮ್ಮ ಹೆಸರಿನಲ್ಲಿ ಆಗುವ ಒಟ್ಟು ಖರ್ಚು. ಅದರಲ್ಲಿ ಮಾಲೀಕರು ಕಟ್ಟುವ ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೂಡ ಸೇರಿರುತ್ತದೆ.

ಒಂದು ಲೆಕ್ಕ ನೋಡಿ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 20,000 ರೂಪಾಯಿ, ಬೇರೆ ಭತ್ಯೆ ಇಲ್ಲ, ಪಿಎಫ್ ಅನ್ನು 15,000ದ ಮಿತಿಗೆ ಹಿಡಿಯುತ್ತಾರೆ ಅಂದುಕೊಳ್ಳಿ. ನಿಮ್ಮ ಪಾಲಿನ ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ ಶೇ. 0.75, ಅಂದರೆ 150. ಕೈಗೆ ಬರುವುದು 18,050. ಮಾಲೀಕರ ಕಡೆಯಿಂದ ಪಿಎಫ್, ವಿಮೆ, ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,950. ಇಎಸ್‌ಐ ಶೇ. 3.25, ಅಂದರೆ 650. ಎಲ್ಲ ಕೂಡಿದರೆ 22,600. ಫೋನಿನಲ್ಲಿ ಹೇಳಿದ ಇಪ್ಪತ್ತೆರಡು ಸಾವಿರಕ್ಕೂ ಕೈಗೆ ಬಂದ ಹದಿನೆಂಟಕ್ಕೂ ನಡುವಿನ ವ್ಯತ್ಯಾಸ ಇದೇ. ಇದು ಮೋಸವಲ್ಲ, ಆದರೆ ಬಿಡಿಸಿ ಹೇಳದೇ ಇರುವುದು ಜಾಣತನ.

ಮೋಸ ಇರುವುದು ಬೇರೆ ಕಡೆ. ಸಂಬಳದ ಚೀಟಿಯಲ್ಲಿ ಇವನ್ನು ನೋಡಿ:

- ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000ಕ್ಕಿಂತ ಕಡಿಮೆ ಇದ್ದರೆ ಇದು ಇಲ್ಲ. 18,000 ಸಂಬಳದವರಿಂದ 200 ರೂಪಾಯಿ ಹಿಡಿದಿದ್ದನ್ನು ನಾನೇ ನೋಡಿದ್ದೇನೆ.
- ಮಾಲೀಕರ ಪಾಲಿನ ಪಿಎಫ್. ಆಫರ್ ಲೆಟರ್‌ನಲ್ಲಿ ಗ್ರಾಸ್ ಸಂಬಳ (ಕಟಿಂಗ್‌ಗೆ ಮುಂಚಿನ ಸಂಬಳ) ಇಷ್ಟು ಅಂತ ಬರೆದ ಮೇಲೆ ಅದರಿಂದ ಎರಡೂ ಪಾಲು ಕತ್ತರಿಸುವ ಹಾಗಿಲ್ಲ.
- ಓಟಿ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ದರ ಕೊಡಬೇಕು. "ಓಟಿ ಇದೆ" ಅಂದರೆ ಸಾಲದು, ಗಂಟೆಗೆ ಎಷ್ಟು ಅಂತ ಕೇಳಿ.
- ಕ್ಯಾಂಟೀನ್, ಬಸ್ಸು, ರೂಮು. ಫ್ರೀ ಅಂತ ಹೇಳಿದ್ದಕ್ಕೇ ಕಟಿಂಗ್ ಬರುತ್ತದೆ.

ಕನಿಷ್ಠ ವೇತನವನ್ನೂ ನೋಡಿಕೊಳ್ಳಿ. ಕರ್ನಾಟಕದಲ್ಲಿ ಕೆಲಸದ ಬಗೆ, ಕುಶಲತೆ, ಊರಿನ ವಲಯ ನೋಡಿ ದರ ಬೇರೆ ಬೇರೆ ಇರುತ್ತದೆ, ಬೆಲೆ ಏರಿಕೆಗೆ ತಕ್ಕ ಡಿಎ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಪಟ್ಟಿ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಸಿಗುತ್ತದೆ.

5. ಪತ್ರ ಓದದೆ ಸಹಿ ಬೇಡ

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕ ಪತ್ರ ಕೊಡಲೇಬೇಕು. "ಒಂದು ತಿಂಗಳು ನೋಡೋಣ, ಆಮೇಲೆ ಲೆಟರ್" ಅನ್ನುವುದಕ್ಕೆ ಒಪ್ಪಬೇಡಿ.

ಪತ್ರದಲ್ಲಿ ಮೊದಲು ನೋಡಬೇಕಾದದ್ದು ನಿಮ್ಮನ್ನು ಏನೆಂದು ಕರೆದಿದ್ದಾರೆ ಅನ್ನುವುದು. 'ನೌಕರ' ಅಂತ ಇದೆಯೋ, 'ಅಪ್ರೆಂಟಿಸ್' ಅಂತ ಇದೆಯೋ? ಅಪ್ರೆಂಟಿಸ್ ಅಂದರೆ ಕಲಿಯಲು ಬಂದವರು, ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಪಿಎಫ್ ಇರುವುದಿಲ್ಲ. ಐಟಿಐ ಮುಗಿಸಿದವರಿಗೆ ಒಳ್ಳೆ ಕಂಪನಿಯಲ್ಲಿ ಅದೂ ಒಂದು ದಾರಿಯೇ, ಸರ್ಟಿಫಿಕೇಟ್ ಸಿಗುತ್ತದೆ. ಆದರೆ ಕೆಲಸ ಅಂದುಕೊಂಡು ಸೇರಿ ವರ್ಷ ಆದಮೇಲೆ ಅಪ್ರೆಂಟಿಸ್ ಎಂದು ಗೊತ್ತಾಗಬಾರದು ಅಲ್ವಾ?

ಆಮೇಲೆ ಅವಧಿ. ಎಲ್ಲಿಂದ ಎಲ್ಲಿವರೆಗೆ? 'ನಿಗದಿತ ಅವಧಿ' ಅಂತ ಬರೆದಿದ್ದರೆ ಹೊಸ ಸಂಹಿತೆಯ ಪ್ರಕಾರ ಒಂದು ವರ್ಷ ತುಂಬಿದರೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡುಗಂಟು) ಸಿಗುತ್ತದೆ, ಹಿಂದಿನ ಹಾಗೆ ಐದು ವರ್ಷ ಕಾಯಬೇಕಿಲ್ಲ. ನೋಟಿಸ್ ಪೀರಿಯಡ್ ಎಷ್ಟು ದಿನ, ಮಧ್ಯದಲ್ಲಿ ಬಿಟ್ಟರೆ ಏನಾದರೂ ಕಟ್ಟಬೇಕಾ, ಅದನ್ನೂ ಓದಿ. ಇಂಗ್ಲಿಷ್ ಅರ್ಥವಾಗದಿದ್ದರೆ ಫೋಟೋ ತೆಗೆದು ಗೊತ್ತಿರುವವರಿಗೆ ಕಳಿಸಿ, ಒಂದು ದಿನ ತಡವಾದರೆ ಕೆಲಸ ಓಡಿಹೋಗುವುದಿಲ್ಲ. "ಹಿಂದೆ ಇಪ್ಪತ್ತು ಜನ ಕಾಯ್ತಿದ್ದಾರೆ, ಬೇಗ ಸಹಿ ಹಾಕಿ" ಅನ್ನುವುದು ಹಳೇ ಮಾತು. ನಾನೂ ಆ ಮಾತು ಹೇಳಿದ್ದೇನೆ.

6. ಮೊದಲ ಎರಡು ತಿಂಗಳು

ಒಂದು ಚಿಕ್ಕ ಪುಸ್ತಕ ಇಡಿ. ದಿನಾ ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, ಓಟಿ ಮಾಡಿದ್ದರೆ ಯಾರು ಹೇಳಿದ್ದು, ಬರೆಯಿರಿ. ಹಾಜರಿ ಕಂಪನಿಯ ಮೆಷಿನ್‌ನಲ್ಲಿ ಬೀಳುತ್ತದೆ, ಸಂಬಳ ಏಜೆನ್ಸಿಯ ಕಂಪ್ಯೂಟರಿನಲ್ಲಿ ಆಗುತ್ತದೆ, ನಡುವೆ ಯಾರೋ ಒಬ್ಬರು ಎಕ್ಸೆಲ್ ಪಟ್ಟಿ ಕಳಿಸುತ್ತಾರೆ. ದಿನಗಳು ಕಳೆದುಹೋಗುವುದು ಆ ಪಟ್ಟಿಯಲ್ಲೇ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆದ ಗಲಾಟೆ ನೆನಪಿರಬಹುದು. ಅಲ್ಲಿ ಬಹುಪಾಲು ಜನ ಏಜೆನ್ಸಿಗಳ ಕಡೆಯವರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಎಂದು ಆಮೇಲೆ ಆ ಕಂಪನಿಯೇ ಒಪ್ಪಿಕೊಂಡಿತು. ಅಷ್ಟು ದೊಡ್ಡ ಕಡೆಯೇ ಹೀಗಾದರೆ ಚಿಕ್ಕ ಕಡೆ ಕೇಳುವುದೇ ಬೇಡ.

ಸೇರಿದ ವಾರದಲ್ಲೇ ಇಎಸ್‌ಐ ನಂಬರ್ ಕೇಳಿ ಪಡೆಯಿರಿ, ಇ-ಪೆಹಚಾನ್ ಕಾರ್ಡ್ ಪ್ರಿಂಟ್ ತೆಗೆಸಿ. ತಿಂಗಳಿಗೆ 21,000ದವರೆಗಿನ ಸಂಬಳದವರು ಇಎಸ್‌ಐಗೆ ಬರುತ್ತಾರೆ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. "ಮೂರು ತಿಂಗಳು ನಿಲ್ಲಲಿ, ಆಮೇಲೆ ಮಾಡಿಸೋಣ" ಅನ್ನುವ ಏಜೆನ್ಸಿಗಳಿವೆ. ಮೆಷಿನ್‌ಗೆ ಕೈ ಸಿಕ್ಕುವುದು ಮೂರು ತಿಂಗಳು ಕಾದು ಅಲ್ಲ. ಕೆಲಸದಲ್ಲಿ ಪೆಟ್ಟಾದರೆ ಇಎಸ್‌ಐ ಪರಿಹಾರ ಸೇರಿದ ಮೊದಲ ದಿನದಿಂದಲೇ ಅನ್ವಯ, ಇಷ್ಟು ದಿನ ದುಡ್ಡು ಕಟ್ಟಿರಬೇಕು ಅಂತ ಅದಕ್ಕಿಲ್ಲ.

ಪಿಎಫ್‌ಗೆ ಹಳೇ ಯುಎಎನ್ ಕೊಟ್ಟಿದ್ದೀರಾ ಎಂದು ಇನ್ನೊಮ್ಮೆ ನೋಡಿ. ಗೊತ್ತಿಲ್ಲ ಅಂತ ಸುಮ್ನೆ ಬಿಟ್ಟರೆ ಹೊಸದು ಮಾಡಿಸುತ್ತಾರೆ, ಮೂರು ಏಜೆನ್ಸಿಗೆ ಮೂರು ನಂಬರ್ ಆಗುತ್ತದೆ. ಪಿಎಫ್ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ತುಂಡು ತುಂಡಾಗಿ ಬಿದ್ದಿದ್ದರೆ ಯಾರೂ ಕೂಡಿಸಿ ಕೊಡುವುದಿಲ್ಲ. ಎರಡನೇ ತಿಂಗಳ ಕೊನೆಗೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿ, ಇಲ್ಲವೇ ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಬ್ಯಾಲೆನ್ಸ್ ಮೆಸೇಜ್ ಬರುತ್ತದೆ. ಸಂಬಳದ ಚೀಟಿಯಲ್ಲಿ ಕಟಿಂಗ್ ಆಗಿ ಪಾಸ್‌ಬುಕ್ಕಿಗೆ ಬರದಿದ್ದರೆ ನಿಮ್ಮ ದುಡ್ಡು ಏಜೆನ್ಸಿಯ ಜೇಬಿನಲ್ಲಿದೆ ಎಂದರ್ಥ.

7. ಸಂಬಳ ಬರಲಿಲ್ಲ ಅಂದರೆ

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಬರಲಿಲ್ಲವೋ, ಏಜೆನ್ಸಿಯ ಕೋಆರ್ಡಿನೇಟರ್‌ಗೆ, ಅಂದರೆ ನಿಮ್ಮ ಕಂಪನಿಯನ್ನು ನೋಡಿಕೊಳ್ಳುವ ಏಜೆನ್ಸಿ ಮನುಷ್ಯನಿಗೆ, ಬರವಣಿಗೆಯಲ್ಲಿ ಕೇಳಿ. ವಾಟ್ಸ್ಆ್ಯಪ್ ಆದರೂ ಸರಿ, ಮೇಲ್ ಇನ್ನೂ ಒಳ್ಳೆಯದು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ.

"ಕ್ಲೈಂಟ್ ಬಿಲ್ ಪಾಸ್ ಮಾಡಿಲ್ಲ, ಅದಕ್ಕೆ ಸಂಬಳ ಆಗಿಲ್ಲ" ಅನ್ನುತ್ತಾರೆ. ಅದು ಅವರಿಬ್ಬರ ವ್ಯವಹಾರ, ನಿಮಗೆ ಸಂಬಂಧವಿಲ್ಲ. ಏಜೆನ್ಸಿ ಕೊಡದಿದ್ದರೆ ಪ್ರಧಾನ ಮಾಲೀಕನೇ ಗುತ್ತಿಗೆ ಕೆಲಸಗಾರರಿಗೆ ಸಂಬಳ ಕೊಟ್ಟು, ಆಮೇಲೆ ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಬೇಕು. ಇದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಹಾಗಾಗಿ ಕಂಪನಿಯ ಎಚ್‌ಆರ್ ವಿಭಾಗಕ್ಕೂ ಒಂದು ಪ್ರತಿ ಕಳಿಸಿ. ಏಜೆನ್ಸಿಗೆ ಕಾಂಟ್ರಾಕ್ಟ್ ಹೋಗುವ ಭಯ ಜಾಸ್ತಿ. ಎಷ್ಟೋ ಸಲ ಆ ಒಂದು ಮೇಲ್‌ಗೇ ಸಂಬಳ ಬಂದುಬಿಡುತ್ತದೆ. ಒಬ್ಬರೇ ಕಳಿಸುವುದಕ್ಕಿಂತ ಹತ್ತು ಜನ ಸೇರಿ ಸಹಿ ಹಾಕಿದರೆ ತೂಕ ಬರುತ್ತದೆ, ಒಬ್ಬರ ಮೇಲೆ ಕಣ್ಣು ಬೀಳುವುದೂ ತಪ್ಪುತ್ತದೆ.

ಅಷ್ಟಕ್ಕೂ ಆಗದಿದ್ದರೆ ಕಾರ್ಮಿಕ ಇಲಾಖೆ. ಸಹಾಯವಾಣಿ 155214. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆ ಕಡೆ ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿ. ನೇಮಕ ಪತ್ರ, ಸಂಬಳದ ಚೀಟಿ, ಐಡಿ ಕಾರ್ಡಿನ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮ ಹಾಜರಿ ಪುಸ್ತಕ ತಗೊಂಡು ಹೋಗಿ. ಪಿಎಫ್ ವಿಷಯವಾದರೆ ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ಹಾಕಿ.

8. ಬಿಡುವಾಗ

ಬೇರೆ ಕಡೆ ಸಿಕ್ಕಿತು ಅಂತ ಹೇಳದೆ ಕೇಳದೆ ಬಿಟ್ಟು ಹೋಗುವವರೇ ಜಾಸ್ತಿ. ಕಾಗದದಲ್ಲಿ ಅದು 'ಅಬ್‌ಸ್ಕಾಂಡ್' ಆಗುತ್ತದೆ, ಅಂದರೆ ತಲೆ ತಪ್ಪಿಸಿಕೊಂಡವರು. ಅನುಭವ ಪತ್ರ ಸಿಗುವುದಿಲ್ಲ, ಕೊನೆಯ ಸಂಬಳವೂ ಸಿಕ್ಕಿಕೊಳ್ಳುತ್ತದೆ. ಎರಡು ಸಾಲಿನ ರಾಜೀನಾಮೆ ಮೇಲ್ ಏಜೆನ್ಸಿಗೆ ಕಳಿಸಿ, ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ, ಅವರು ನಿಮ್ಮ ಮಾಲೀಕರಲ್ಲ. ಐಡಿ ಕಾರ್ಡ್, ಲಾಕರ್ ಕೀ, ಶೂ, ಏನು ಕೊಟ್ಟಿದ್ದಾರೋ ವಾಪಸ್ ಕೊಟ್ಟು ಸಹಿ ಪಡೆಯಿರಿ.

ಹೊಸ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಏಜೆನ್ಸಿಯವರು ಅಭ್ಯಾಸಬಲದಿಂದ 'ನಲವತ್ತೈದು ದಿನ' ಅನ್ನುತ್ತಾರೆ, ಆಗ ಈ ನಿಯಮ ನೆನಪಿಸಿ. ಬೋನಸ್ ಬಗ್ಗೆಯೂ ಕೇಳಿ. ಬೋನಸ್‌ಗೆ ಅರ್ಹತೆ ವರ್ಷದಲ್ಲಿ 30 ದಿನ ಕೆಲಸ ಮಾಡಿದರೂ ಬರುತ್ತದೆ, ಕನಿಷ್ಠ ದರ ಶೇ. 8.33. ಕೆಲವರು ಅದನ್ನು ತಿಂಗಳ ಸಂಬಳದಲ್ಲೇ ಸೇರಿಸಿ ಕೊಟ್ಟಿರುತ್ತಾರೆ, ಚೀಟಿ ನೋಡಿ.

ಪಿಎಫ್ ಪೋರ್ಟಲ್‌ನಲ್ಲಿ ನೀವು ಕೆಲಸ ಬಿಟ್ಟ ದಿನಾಂಕ ಬಿದ್ದಿರಬೇಕು, ಇಲ್ಲದಿದ್ದರೆ ದುಡ್ಡು ವರ್ಗಾವಣೆಯೂ ಕಷ್ಟ. ಏಜೆನ್ಸಿ ಹಾಕದಿದ್ದರೆ, ಕೊನೆಯ ಪಿಎಫ್ ಕಂತು ಬಂದು ಎರಡು ತಿಂಗಳಾದ ಮೇಲೆ ನೀವೇ ಆಧಾರ್ ಓಟಿಪಿ ಕೊಟ್ಟು ಹಾಕಿಕೊಳ್ಳಬಹುದು. ದಿನಾಂಕ ಹಾಕುವಾಗ ಹುಷಾರು, ಕೊನೆಯ ಕಂತು ಬಂದ ತಿಂಗಳಿನದ್ದೇ ಹಾಕಬೇಕು. ಒಮ್ಮೆ ಹಾಕಿದರೆ ನೀವಾಗಿ ತಿದ್ದಲು ಬರುವುದಿಲ್ಲ.